ಸ್ಪಷ್ಟವಾಗಿ ಕಾಣುವುದರ ಬೆಲೆ

ಕಳೆದ ರಂಜಾನಿಗೆ ಮೊದಲು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯಿತು. ಹಳೆಯ ಚಾದರದಲ್ಲಿ ಸುತ್ತಿಟ್ಟಿದ್ದ ಕಪ್ಪು ಯಂತ್ರವನ್ನು ಮಗ ಹೊರಗೆ ತೆಗೆದು ತಿರುಗಿಸಿ ನೋಡಿದ. ಅವನಿಗೆ ಹದಿನಾಲ್ಕು ವರ್ಷ. ಸಿನಿಮಾ ಎಂದರೆ ಮೊಬೈಲಿನೊಳಗೆ ಇರುವ ವಸ್ತು ಎಂದುಕೊಂಡೇ ಬೆಳೆದವನು.

"ಅಬ್ಬಾ, ಇದೇನು?"

"ಬ್ಲೂ-ರೇ ಪ್ಲೇಯರ್. ಡಿಸ್ಕ್ ಹಾಕಿ ಸಿನಿಮಾ ನೋಡೋದು."

"ಎಷ್ಟು ಕೊಟ್ಟಿದ್ರಿ?"

"ಹನ್ನೆರಡು ಸಾವಿರ."

"ಅಷ್ಟು ಕೊಡೋವಂಥದ್ದು ಇದರಲ್ಲಿ ಏನಿತ್ತು?"

ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಮೇಷ್ಟ್ರಾದ ನಮಗೆ ಅಭ್ಯಾಸ. ಆದರೆ ಈ ಪ್ರಶ್ನೆಗೆ ಬಾಯಿ ಬರಲಿಲ್ಲ. ಒಂದು ವಸ್ತು ಅದಕ್ಕೆ ಕೊಟ್ಟ ಬೆಲೆಗೆ ಬಾಳುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಅಂಗಡಿಯವನ ಲೆಕ್ಕ ಒಂದು, ಅಕ್ಕಪಕ್ಕದವರ ಲೆಕ್ಕ ಇನ್ನೊಂದು. ಹದಿನೈದು ವರ್ಷ ಕಳೆದ ಮೇಲೆ ನಾವೇ ಹಾಕಿ ನೋಡುವ ಲೆಕ್ಕ ಮತ್ತೊಂದು. ಆ ಮೂರನೆಯ ಲೆಕ್ಕವನ್ನು ಇಲ್ಲಿ ಬರೆದಿಡಲು ಪ್ರಯತ್ನಿಸುತ್ತೇವೆ.

ನಾವು ಹುಟ್ಟಿದ್ದು ಚನ್ನಗಿರಿಯಲ್ಲಿ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಈ ದೇಶಕ್ಕೆ ಬಣ್ಣದ ಟಿ.ವಿ. ಬಂತೆಂದು ಓದಿದ್ದೇವೆ. ನಮ್ಮ ಓಣಿಗೆ ಅದು ಬಂದದ್ದು ಆ ದಶಕದ ಕೊನೆಯಲ್ಲಿ, ಅದೂ ಒಂದು ರಾತ್ರಿಯ ಬಾಡಿಗೆಗೆ. ಟಿ.ವಿ., ವಿಸಿಆರ್, ನಾಲ್ಕು ಕ್ಯಾಸೆಟ್ಟು ಎಲ್ಲ ಸೇರಿ ಇಂತಿಷ್ಟು ಎಂದು ಮಾತಾಡಿ, ಮನೆಗೆ ಇಷ್ಟಿಷ್ಟು ಎಂದು ಪಟ್ಟಿ ಎತ್ತಿ, ಅಡಿಕೆ ಒಣಗಿಸುವ ಕಣದಲ್ಲಿ ಚಾಪೆ ಹಾಸಿ ಬೆಳಗಾಗುವ ತನಕ ನೋಡುತ್ತಿದ್ದೆವು. ಪರದೆಯ ತುಂಬ ಮಳೆ ಬಂದಂತೆ ಗೆರೆಗಳು. ನಾಯಕನ ಮುಖಕ್ಕೂ ಖಳನಾಯಕನ ಮುಖಕ್ಕೂ ಬಣ್ಣ ಒಂದೇ. ಆದರೂ ಚಿತ್ರ ಸ್ಪಷ್ಟವಾಗಿಲ್ಲ ಎಂದು ಯಾರೂ ದೂರಿದ್ದು ನೆನಪಿಲ್ಲ. ಹಿರಿಯರು ಇದೆಲ್ಲ ಬೇಡದ ಕೆಲಸ ಎಂದು ಗೊಣಗುತ್ತ ದೂರದಲ್ಲಿ ಕುಳಿತು, ಕತ್ತು ಮಾತ್ರ ಇತ್ತ ತಿರುಗಿಸಿರುತ್ತಿದ್ದರು. ಅಮ್ಮೀ ತಲೆಯ ಮೇಲೆ ದುಪಟ್ಟ ಎಳೆದುಕೊಂಡು, ಅಳುವ ದೃಶ್ಯ ಬಂದಾಗಲೆಲ್ಲ ಅಕ್ಕಪಕ್ಕದ ಹೆಂಗಸರ ಜೊತೆ ಸೇರಿ ಅಳುತ್ತಿದ್ದರು.

ಆಮೇಲೆ ಒಂದೊಂದಾಗಿ ಬಂದವು. ಕ್ಯಾಸೆಟ್ಟಿನ ಜಾಗದಲ್ಲಿ ವಿಸಿಡಿ, ವಿಸಿಡಿಯ ಜಾಗದಲ್ಲಿ ಡಿವಿಡಿ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಸಿನಿಮಾ ಕೊಳ್ಳುವುದು ಸೋಪು ಕೊಂಡಷ್ಟೇ ಸಲೀಸಾಯಿತು. ಆ ಹೊತ್ತಿಗೆ ನಾವು ಹೊನ್ನಾಳಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಡಿಸ್ಕು ಮಾರುವ ಹುಡುಗ "ಮೇಷ್ಟ್ರೇ, ಹೊಸಾದು ಬಂದೈತೆ ನೋಡ್ರಿ" ಎಂದು ಕರೆದು ತೋರಿಸುತ್ತಿದ್ದ. ಇಪ್ಪತ್ತೊಂದು ಇಂಚಿನ ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಡಿವಿಡಿ ಚಿತ್ರ ನೋಡಿದ ದಿನ, ಇನ್ನು ಇದಕ್ಕಿಂತ ಚೆನ್ನಾಗಿ ಕಾಣಿಸಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆವು.

ಸಾಧ್ಯವಿತ್ತು. ನಮ್ಮ ದೇಶದ ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಒಟ್ಟು ನಾಲ್ಕು ಲಕ್ಷದ ಆಸುಪಾಸು. ಹೈ-ಡೆಫಿನಿಷನ್ ಡಿಸ್ಕಿನಲ್ಲಿ ಅದು 1920ಕ್ಕೆ 1080. ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಡಿವಿಡಿಯನ್ನು ಓದುವುದು ಕೆಂಪು ಲೇಸರ್ ಬೆಳಕು. ಹೊಸ ಡಿಸ್ಕನ್ನು ಓದುವುದು ಅದಕ್ಕಿಂತ ಕಿರಿದಾದ ಅಲೆಗಳ ನೀಲಿ-ನೇರಳೆ ಬೆಳಕು. ಸಣ್ಣ ಮೊನೆಯ ಲೇಖನಿಯಿಂದ ಒಂದೇ ಪುಟದಲ್ಲಿ ಹೆಚ್ಚು ಸಾಲು ಬರೆಯಬಹುದಲ್ಲ, ಹಾಗೆಯೇ ಅಷ್ಟೇ ಅಗಲದ ಡಿಸ್ಕಿನಲ್ಲಿ ಐದಾರು ಪಟ್ಟು ಹೆಚ್ಚು ಮಾಹಿತಿ. ಬ್ಲೂ-ರೇ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಆದರೆ ಇಂಥ ಡಿಸ್ಕುಗಳು ಒಂದಲ್ಲ, ಎರಡಿದ್ದವು. ಸೋನಿ ಮತ್ತು ಅದರ ಸಂಗಡಿಗರದ್ದು ಬ್ಲೂ-ರೇ. ತೋಷಿಬಾ ಕಡೆಯವರದ್ದು ಎಚ್‌ಡಿ ಡಿವಿಡಿ. ಒಂದರ ಡಿಸ್ಕು ಇನ್ನೊಂದರ ಯಂತ್ರದಲ್ಲಿ ಓಡುತ್ತಿರಲಿಲ್ಲ. 2006ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ತೋಷಿಬಾದ ಯಂತ್ರಕ್ಕೆ ಸುಮಾರು 500 ಡಾಲರ್, ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರಕ್ಕೆ ಸುಮಾರು 1000 ಡಾಲರ್. ಎರಡು ವರ್ಷ ಜಗ್ಗಾಟ ನಡೆಯಿತು. 2008ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಚಿತ್ರಸಂಸ್ಥೆ ಇನ್ನು ಮುಂದೆ ಬ್ಲೂ-ರೇ ಕಡೆಗೆ ಮಾತ್ರ ಎಂದಿತು. ಫೆಬ್ರವರಿ 19ರಂದು ತೋಷಿಬಾ ಸೋಲೊಪ್ಪಿತು. ಎಚ್‌ಡಿ ಡಿವಿಡಿ ಯಂತ್ರ ಕೊಂಡವರ ಮನೆಯಲ್ಲಿ ಯಂತ್ರ ಕೆಟ್ಟಿರಲಿಲ್ಲ, ಒಂದು ಸ್ಕ್ರೂ ಸಹ ಸಡಿಲವಾಗಿರಲಿಲ್ಲ. ಆದರೂ ರಾತ್ರಿ ಬೆಳಗಾಗುವುದರೊಳಗೆ ಅದು ಹಳೆಯದಾಯಿತು. ಹಣ ಕೊಟ್ಟವರು ತಾವು ಕೊಂಡದ್ದು ಯಂತ್ರ ಎಂದುಕೊಂಡಿದ್ದರು. ನಿಜವಾಗಿ ಅವರು ಯಾರೋ ಇಬ್ಬರ ಜಗಳದಲ್ಲಿ ಒಂದು ಕಡೆಗೆ ಪಣ ಕಟ್ಟಿದ್ದರು.

ನಮ್ಮ ಮನೆಗೆ ಬ್ಲೂ-ರೇ ಬಂದದ್ದು 2010ರಲ್ಲಿ, ಜಿದ್ದಾದಿಂದ. ನಮ್ಮ ಬೀಗರ ಮನೆ ಜಗಳೂರು. ಅಲ್ಲಿ ಹೊಲವಿದೆ, ಹೊಲದಲ್ಲಿ ನೀರಿಲ್ಲ. ಹಾಗಾಗಿ ಭಾವಮೈದ ಜಿದ್ದಾದಲ್ಲಿ ದುಡಿಯುತ್ತಿದ್ದ. ರಜೆಗೆ ಬಂದವನು ಎರಡು ಪ್ಲೇಯರ್ ತಂದಿದ್ದ. ಬೋರ್‌ವೆಲ್ ಕೊರೆಸಲು ದುಡ್ಡು ಸಾಲದೆ ಒಂದನ್ನು ಮಾರಬೇಕೆಂದಿದ್ದ. "ದೂಲಾಭಾಯಿ, ನಿಮಗೆ ಲಾಭ ಇಲ್ಲದೆ ಕೊಡ್ತೀನಿ, ಹನ್ನೆರಡು ಸಾವಿರ" ಎಂದ. ಅವನಿಗೆ ಸಹಾಯವಾಗಲಿ ಎಂದು ತೆಗೆದುಕೊಂಡೆವು. ಹಾಗೆಂದು ಹೆಂಡತಿಗೂ ಹೇಳಿದೆವು, ನಮಗೆ ನಾವೂ ಹೇಳಿಕೊಂಡೆವು. ಸಹಾಯವೇ ಉದ್ದೇಶವಾಗಿದ್ದರೆ ಹಣವನ್ನು ಹಾಗೇ ಕೊಡಬಹುದಿತ್ತು ಎಂಬುದು ಆಗ ಹೊಳೆಯಲಿಲ್ಲ. ಸ್ಟಾಫ್‌ರೂಮಿನಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ನಮ್ಮ ಮನೆಯಲ್ಲಿ ಇರುತ್ತದೆ ಎಂಬುದು ಮಾತ್ರ ಹೊಳೆದಿತ್ತು. ಬೋರ್‌ವೆಲ್ಲಿನಲ್ಲಿ ನೀರು ಬೀಳಲಿಲ್ಲ ಎಂಬುದು ಬೇರೆಯ ಕಥೆ.

ಮೊದಲ ರಾತ್ರಿ ಮನೆಮಂದಿಯೆಲ್ಲ ಸೇರಿದರು. ಕೆಂಪು, ಬಿಳಿ, ಹಳದಿ ವೈರುಗಳನ್ನು ನಮ್ಮ ಹಳೆಯ ಟಿ.ವಿ.ಗೆ ಚುಚ್ಚಿ, ಮರುಭೂಮಿಯ ಪ್ರಾಣಿಗಳ ಡಿಸ್ಕೊಂದನ್ನು ಹಾಕಿದೆವು. ಚಿತ್ರ ಬಂತು. ನಿನ್ನೆಯ ಡಿವಿಡಿಯಲ್ಲಿ ಹೇಗೆ ಬರುತ್ತಿತ್ತೋ ಹಾಗೆಯೇ ಬಂತು. ಆ ಹಳದಿ ವೈರಿನೊಳಗೆ ಹೈ-ಡೆಫಿನಿಷನ್ ಚಿತ್ರ ಹರಿಯುವುದಿಲ್ಲ, ಅದಕ್ಕೆ ಬೇರೆ ವೈರು ಬೇಕು, ಆ ವೈರು ಚುಚ್ಚಲು ಬೇರೆ ಟಿ.ವಿ. ಬೇಕು ಎಂಬುದು ತಿಳಿದದ್ದು ಮಾರನೆಯ ದಿನ. ಬೆಂಗಳೂರಿಗೆ ಹೋದಾಗ ಆಸೆಯಿಂದ ತಂದ ಒಂದು ಡಿಸ್ಕು ಓಡಲೇ ಇಲ್ಲ. ಬ್ಲೂ-ರೇ ಕಂಪನಿಗಳು ಪ್ರಪಂಚವನ್ನು ಮೂರು ವಲಯಗಳಾಗಿ ಹಂಚಿಕೊಂಡಿದ್ದವು: ಸೌದಿ ಅರೇಬಿಯ 'ಬಿ' ವಲಯ, ಇಂಡಿಯಾ 'ಸಿ' ವಲಯ. ಜಿದ್ದಾದ ಯಂತ್ರಕ್ಕೆ ಬೆಂಗಳೂರಿನ ಡಿಸ್ಕು ಪರದೇಶಿ. ಮನುಷ್ಯರಿಗೆ ವೀಸಾ ಇರುವಂತೆ ಸಿನಿಮಾಕ್ಕೂ ಇದೆ ಎಂದು ಹೆಂಡತಿ ನಕ್ಕಳು.

ಆ ಮೊದಲ ರಾತ್ರಿ ಅಮ್ಮೀ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಒಂಟೆಗಳ ಸಾಲು ಹೋಗುತ್ತಿತ್ತು. "ಎಲ್ಲಾ ಹೊಗೆ ಥರ ಕಾಣ್ತದೆ ಬೇಟಾ" ಎಂದರು. ನಾವೆಲ್ಲ ನಕ್ಕೆವು. ಹನ್ನೆರಡು ಸಾವಿರದ ಯಂತ್ರಕ್ಕೆ ಅಮ್ಮೀ ಒಂದೇ ಮಾತಿನಲ್ಲಿ ಬೆಲೆ ಕಟ್ಟಿಬಿಟ್ಟರು ಎಂದು ನಕ್ಕೆವು. ಅವರೂ ನಕ್ಕರು.

ಫ್ರಾನ್ಸಿನ ಚಿಂತಕ ದಿದೆರೊ 1769ರಲ್ಲಿ ತನ್ನ ಹಳೆಯ ನಿಲುವಂಗಿಯ ಬಗ್ಗೆ ಒಂದು ಪ್ರಬಂಧ ಬರೆದ. ಅವನಿಗೊಂದು ಹೊಸ, ಬೆಲೆಬಾಳುವ ನಿಲುವಂಗಿ ಬಂತಂತೆ. ಅದನ್ನು ತೊಟ್ಟು ಕುಳಿತರೆ ಕುರ್ಚಿ ಹಳತೆನಿಸಿತು. ಕುರ್ಚಿ ಬದಲಾದ ಮೇಲೆ ಮೇಜು, ಆಮೇಲೆ ಗೋಡೆಯ ಚಿತ್ರಗಳು. ಒಂದು ಬಟ್ಟೆ ಇಡೀ ಕೋಣೆಯನ್ನು ಬದಲಿಸಿತು. ನಮ್ಮ ಮನೆಯಲ್ಲೂ ಆದದ್ದು ಇದೇ. 2011ರಲ್ಲಿ ಕಂತಿನ ಮೇಲೆ ಚಪ್ಪಟೆ ಟಿ.ವಿ. ಬಂತು. ಅದಕ್ಕೆ ಸರಿಹೊಂದುವ ಕಪಾಟು, ಕರೆಂಟು ಏರಿಳಿದರೆ ಸುಟ್ಟುಹೋಗದಿರಲು ಸ್ಟೆಬಿಲೈಸರ್, ಕರೆಂಟೇ ಇಲ್ಲದಾಗ ಇರಲೆಂದು ಯುಪಿಎಸ್ ಬಂದವು. ಪ್ಲೇಯರಿನ ಬೆಲೆ ಹನ್ನೆರಡು ಸಾವಿರ ಎಂದು ಮಗನಿಗೆ ಹೇಳಿದ್ದು ಸುಳ್ಳು. ಅದು ಬಾಗಿಲಿನ ಬೆಲೆ. ಬಾಗಿಲು ತೆರೆದ ಮೇಲೆ ಒಳಗೆ ಕೊಟ್ಟದ್ದು ಬೇರೆ.

ಇಂಥ ಖರ್ಚಿಗೆ ಅಮ್ಮೀಯ ಬಾಯಲ್ಲಿ ಒಂದು ಪದವಿತ್ತು: ಇಸ್ರಾಫ್. ತಟ್ಟೆಯಲ್ಲಿ ಅನ್ನ ಬಿಟ್ಟರೆ ಇಸ್ರಾಫ್, ನಲ್ಲಿ ಸರಿಯಾಗಿ ತಿರುಗಿಸದಿದ್ದರೆ ಇಸ್ರಾಫ್. ಮಿತಿ ಮೀರಿದ್ದು ಎಂಬುದು ಅದರ ಅರ್ಥ. ಆದರೆ ಮಿತಿ ಯಾವುದು? ತುಂಗಭದ್ರೆ ಪಕ್ಕದಲ್ಲೇ ಹರಿಯುವ ಹೊನ್ನಾಳಿಯಲ್ಲಿ ನೀರು ಚೆಲ್ಲಿದರೆ ಯಾರೂ ತಿರುಗಿ ನೋಡುವುದಿಲ್ಲ. ಜಗಳೂರಿನಲ್ಲಿ ನಮ್ಮ ಅತ್ತೆ ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಎತ್ತಿಡುತ್ತಿದ್ದರು. ಬಾಳಲು ನೀರಿಗಿಂತ ಮುಖ್ಯವಾದದ್ದಿಲ್ಲ, ಆದರೆ ಅದಕ್ಕೆ ಬೆಲೆ ಇಲ್ಲ; ವಜ್ರದಿಂದ ಅಂಥ ಉಪಯೋಗವಿಲ್ಲ, ಆದರೆ ಅದಕ್ಕೆ ಎಲ್ಲಿಲ್ಲದ ಬೆಲೆ. 1776ರಷ್ಟು ಹಿಂದೆಯೇ ಆಡಂ ಸ್ಮಿತ್ ಈ ಒಗಟನ್ನು ಮುಂದಿಟ್ಟಿದ್ದ. ಕಾಲೇಜಿನಲ್ಲಿ ಓದಿದಾಗ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಜಗಳೂರಿನ ಅಂಗಳದಲ್ಲಿ ಕೊಡಗಳ ಸಾಲು ನೋಡಿದ ಮೇಲೆ ಅದು ಒಗಟಾಗಿ ಉಳಿಯಲಿಲ್ಲ. ಬೆಲೆ ಹೇಳುವುದು ವಸ್ತು ಎಷ್ಟು ಅಪರೂಪ ಎಂಬುದನ್ನು. ಅದು ಎಷ್ಟು ಬೇಕು ಎಂಬುದನ್ನಲ್ಲ.

ಆ ಅಂಗಳದಲ್ಲೇ ಇನ್ನೊಂದು ಲೆಕ್ಕವೂ ಸಿಕ್ಕಿತು. 2010ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 100 ರೂಪಾಯಿ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಖಾತರಿ. ಒಟ್ಟು ಹತ್ತು ಸಾವಿರ. ಅಂದರೆ ನಾವು ಕೊಂಡ ಪ್ಲೇಯರಿನ ಬೆಲೆಗೆ, ಒಂದು ಇಡೀ ಮನೆ ಆ ವರ್ಷದ ಅಷ್ಟೂ ದಿನ ಬಿಸಿಲಲ್ಲಿ ಕೆರೆಯ ಹೂಳು ಎತ್ತಿದರೂ ಇನ್ನೂ ಎರಡು ಸಾವಿರ ಕಡಿಮೆ. ಈ ಲೆಕ್ಕ ಹಾಕಿದ ದಿನ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಸೇರಿತು. ಲೆಕ್ಕ ಮಾತ್ರ ತಲೆಯಲ್ಲಿ ಉಳಿಯಿತು.

ಹಾಗಾದರೆ ಬಡವರಿರುವ ಊರಿನಲ್ಲಿ ಯಾರೂ ಇಂಥದ್ದನ್ನು ಕೊಳ್ಳಬಾರದೆ? ಈ ಮಾತನ್ನು ನಾವು ಒಪ್ಪುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು, ಮತ್ತು ಅವರು ಬೆರಳು ತೋರಿಸುವುದು ಹೆಚ್ಚಾಗಿ ಬಡವರ ಕಡೆಗೆ: "ತಿನ್ನಲು ಗತಿಯಿಲ್ಲ, ಟಿ.ವಿ. ನೋಡು!" ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ದುಫ್ಲೊ 2011ರ ತಮ್ಮ 'ಪುವರ್ ಎಕನಾಮಿಕ್ಸ್' ಪುಸ್ತಕದಲ್ಲಿ ಮೊರಾಕ್ಕೊ ದೇಶದ ಹಳ್ಳಿಯೊಬ್ಬನ ವಿಚಾರ ಹೇಳುತ್ತಾರೆ. ಊಟಕ್ಕೆ ಸಾಲದು ಎನ್ನುತ್ತಿದ್ದವನ ಮನೆಯಲ್ಲಿ ಟಿ.ವಿ., ಡಿವಿಡಿ ಪ್ಲೇಯರ್ ಎಲ್ಲ ಇದ್ದವು. ಇದೇಕೆ ಎಂದು ಕೇಳಿದರೆ, ಊಟಕ್ಕಿಂತ ಟಿ.ವಿ. ಮುಖ್ಯ ಎಂದು ಆತ ನಕ್ಕನಂತೆ. ಕೆಲಸವಿಲ್ಲದ ಉದ್ದನೆಯ ದಿನಗಳನ್ನು ಕಳೆಯಬೇಕಾದವನಿಗೆ ಮಾತ್ರ ಆ ಉತ್ತರದ ಅರ್ಥ ಪೂರ್ತಿ ತಿಳಿಯುತ್ತದೆ. ನಮ್ಮ ಅಡಿಕೆ ಕಣದ ಚಾಪೆಗಳ ಮೇಲೆ ರಾತ್ರಿಯಿಡೀ ಕುಳಿತವರಲ್ಲೂ ಕೂಲಿಯವರೇ ಹೆಚ್ಚು. ಅವರು ಪಟ್ಟಿಗೆ ಹಾಕಿದ ದುಡ್ಡು ಇಸ್ರಾಫ್ ಎಂದು ಹೇಳುವ ಧೈರ್ಯ ನಮಗಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಚನ್ನಗಿರಿಯಲ್ಲಿ ನಮಗೊಬ್ಬ ಹಿರಿಯ ಗೆಳೆಯರಿದ್ದಾರೆ. ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು. ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ಅಡಿಕೆ ನಾಡಿನಲ್ಲಿದ್ದೂ! ಮಕ್ಕಳು ಕೈಗೆ ಬಂದ ಮೇಲೆ ಅವರು ಕೂಡಿಟ್ಟ ಹಣದಲ್ಲಿ ಬ್ಲೂ-ರೇ ಪ್ಲೇಯರ್, ದೊಡ್ಡ ಟಿ.ವಿ. ಕೊಂಡರು. 1955ರ 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿ ಅನಾಹುತದಲ್ಲಿ ಸುಟ್ಟಿತ್ತು. ಸುಟ್ಟ ಸುರುಳಿಗಳಲ್ಲಿ ಉಳಿದದ್ದನ್ನು ಆರಿಸಿ, ಬೇರೆ ಪ್ರತಿಗಳಿಂದ ಕೊರತೆ ತುಂಬಿ, 2015ರಲ್ಲಿ ಮತ್ತೆ ಜೋಡಿಸಿದರು, ಬ್ಲೂ-ರೇಯಲ್ಲೂ ತಂದರು. ಮಗನಿಂದ ಅದನ್ನು ತರಿಸಿಕೊಂಡು ನೋಡಿದ ಗೆಳೆಯರು ನಮಗೆ ಫೋನು ಮಾಡಿ, "ಮೇಷ್ಟ್ರೇ, ನೀರಿನ ಮೇಲೆ ಹುಳ ಓಡಾಡೋದು ಕಾಣ್ತದ್ರೀ" ಎಂದರು. ನಲವತ್ತು ವರ್ಷ ಗೀರು ಬಿದ್ದ ರೀಲುಗಳನ್ನು ಓಡಿಸಿದ ಮನುಷ್ಯನಿಗೆ ಆ ಹುಳದ ಬೆಲೆ ಎಷ್ಟು ಎಂದು ನಾವು ಹೇಳಲಾರೆವು. ನಮ್ಮ ನೆರೆಯ ಮಲೆನಾಡಿನವರೇ ಆದ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಸಹ ಹೀಗೆಯೇ ಶುಚಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು ಎಂದಾಗ ಅವರ ಕಣ್ಣಲ್ಲಿ ನೀರಿತ್ತು. ಅವರಿಗೆ ಆ ಯಂತ್ರ ಬಾಳುತ್ತದೆ. ಅದೇ ಯಂತ್ರ ನಮಗೆ ಬಾಳಲಿಲ್ಲ. ತಾವು ಏನನ್ನು ನೋಡಬೇಕು ಎಂಬುದು ಅವರಿಗೆ ಕೊಳ್ಳುವ ಮೊದಲೇ ಗೊತ್ತಿತ್ತು. ನಾವು ಕೊಂಡ ಮೇಲೆ ಏನು ನೋಡೋಣ ಎಂದು ಹುಡುಕಿದೆವು.

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಅಂಗಡಿಯ ವ್ಯವಹಾರದ ಮಾತಾಗಿ ಉಳಿಯುತ್ತಿತ್ತು. ಬರೆಯಬೇಕಾದದ್ದು ಇನ್ನು ಮುಂದೆ ಇದೆ.

ಅಮ್ಮೀಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ಮನೆಯಲ್ಲಿ ಅದಕ್ಕೆ ಮೋತಿಯಾ ಎನ್ನುತ್ತಾರೆ. ಹೊಗೆ ಥರ ಕಾಣುತ್ತದೆ ಎಂದು ಅವರು ಹೇಳಿದ್ದು ಟಿ.ವಿ.ಯ ಬಗ್ಗೆ ಅಲ್ಲ. ಇದು ನಮಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿತ್ತು. ಆಪರೇಷನ್ ಮಾಡಿಸಬೇಕೆಂದು ಎಲ್ಲರೂ ಒಪ್ಪಿದ್ದೆವು. ರಂಜಾನ್ ಮುಗಿಯಲಿ, ಮಾರ್ಚ್ ಪರೀಕ್ಷೆ ಮುಗಿಯಲಿ, ಟಿ.ವಿ. ಕಂತು ಮುಗಿಯಲಿ ಎಂದು ಮುಂದಕ್ಕೆ ಹೋಯಿತು. "ನನಗೇನು ಅವಸರ ಬೇಟಾ, ಓದೋದೇ ಬರೆಯೋದೇ?" ಎಂದು ಅಮ್ಮೀಯೂ ಹೇಳುತ್ತಿದ್ದರು. ತಾಯಂದಿರು ಹೀಗೆ ಹೇಳಿದಾಗ ಮಕ್ಕಳಿಗೆ ಎಷ್ಟು ಹಗುರವಾಗುತ್ತದೆಂದರೆ, ಅದು ನಿಜವೇ ಎಂದು ಯಾರೂ ಪರೀಕ್ಷಿಸುವುದಿಲ್ಲ.

2011ರ ಡಿಸೆಂಬರಿನಲ್ಲಿ ನ್ಯಾಮತಿಯಲ್ಲಿ ನಮ್ಮ ಅಕ್ಕನ ಮಗಳ ನಿಕಾಹ್ ಆಯಿತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು; ಅರ್ಧ ಗಂಟೆಯ ದಾರಿ. ಮದುವೆ ಮುಗಿದ ಮೇಲೂ ಅಮ್ಮೀ ಅಕ್ಕನ ಮನೆಯಲ್ಲೇ ಉಳಿದರು. ನಾಲ್ಕನೆಯ ದಿನ ಫಜರ್ ನಮಾಜಿಗೆ ವಜೂ ಮಾಡಲು ಹಿತ್ತಿಲಿಗೆ ಹೋದವರು ಬಚ್ಚಲ ಮೆಟ್ಟಿಲು ಕಾಣದೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಆ ಖರ್ಚಿನ ಲೆಕ್ಕ ಇಲ್ಲಿ ಬೇಡ. ಆಮೇಲೆ ಅವರು ವಾಕರ್ ಇಲ್ಲದೆ ನಡೆಯಲಿಲ್ಲ.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಮದುವೆಯ ವೀಡಿಯೊ ಕೈಗೆ ಬಂತು. ಸಾಮಾನ್ಯ ಡಿವಿಡಿ. ಒಂದು ರಾತ್ರಿ ಅದನ್ನು ನಮ್ಮ ಪ್ಲೇಯರಿಗೆ ಹಾಕಿ ಕುಳಿತೆವು. ಹುಡುಗಿಯರ ಗುಂಪು, ಬಿರಿಯಾನಿಯ ದೇಗ, ಮೆಹಂದಿಯ ಕೈಗಳು. ಆ ಎಲ್ಲದರ ಹಿಂದೆ, ಚಿತ್ರದ ಒಂದು ಮೂಲೆಯಲ್ಲಿ, ಅಮ್ಮೀ ಅಂಗಳ ದಾಟುತ್ತಿದ್ದರು. ಎಡಗೈಯನ್ನು ಗೋಡೆಗೆ ಆನಿಸಿ, ಒಂದೊಂದೇ ಹೆಜ್ಜೆಯನ್ನು ಮೊದಲು ಕಾಲಿನಿಂದ ತಡವಿ ನೋಡಿ, ಆಮೇಲೆ ಊರಿ ನಡೆಯುತ್ತಿದ್ದರು. ಎದುರಿಗೆ ಯಾರೋ ಸಲಾಮ್ ಹೇಳಿದರೆ ದನಿ ಬಂದ ಕಡೆಗೆ ಮುಖ ತಿರುಗಿಸಿ ನಗುತ್ತಿದ್ದರು. ಯಾರ ಮುಖ ಎಂದು ಗೊತ್ತಾಗದೆ ನಗುವ ನಗು ಅದು. ಅದೇ ಅಂಗಳದಲ್ಲಿ ನಾವೂ ಇದ್ದೆವು. ಅವರಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಸ ಕ್ಯಾಮೆರಾ ಹೈ-ಡೆಫಿನಿಷನ್ನೋ ಅಲ್ಲವೋ ಎಂದು ವೀಡಿಯೊದವನನ್ನು ವಿಚಾರಿಸುತ್ತ ನಿಂತಿದ್ದೆವು. ಚಿತ್ರದಲ್ಲಿ ಅದೂ ಕಾಣುತ್ತದೆ.

ಇದನ್ನು ನೋಡಲು ಇಪ್ಪತ್ತು ಲಕ್ಷ ಚುಕ್ಕೆ ಬೇಕಿರಲಿಲ್ಲ. ನಾಲ್ಕು ಲಕ್ಷವೂ ಬೇಕಿರಲಿಲ್ಲ. ಬಾಡಿಗೆ ವಿಸಿಆರ್‌ನ ಮಳೆಗೆರೆಗಳ ನಡುವೆಯೂ ಅದು ಕಾಣುತ್ತಿತ್ತು.

ಮೂರು ತಿಂಗಳ ಬಳಿಕ ಅಮ್ಮೀಯ ಕಣ್ಣಿನ ಆಪರೇಷನ್ ಆಯಿತು, ಒಂದು ಉಚಿತ ಶಿಬಿರದಲ್ಲಿ. ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲೇ ಶುರುವಾಗಿದೆ. ಕಣ್ಣೊಳಗೆ ಕೂರಿಸುವ ಲೆನ್ಸು ಒಂದು ಕಾಲಕ್ಕೆ ಹೊರದೇಶದಿಂದ ನೂರು ಡಾಲರಿನ ಆಸುಪಾಸಿಗೆ ಬರುತ್ತಿತ್ತು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ಕಟ್ಟಿ ಅದನ್ನು ಹತ್ತು ಡಾಲರಿಗೂ ಕೆಳಗೆ ಇಳಿಸಿದ್ದರು. ನಾವು ಪ್ಲೇಯರ್ ಕೊಳ್ಳುವ ಹದಿನೆಂಟು ವರ್ಷ ಮೊದಲೇ ಯಾರೋ ಬಡವರ ಕಣ್ಣಿಗಾಗಿ ಕುಳಿತು ಆ ಕೆಲಸ ಮುಗಿಸಿದ್ದರು. ಅಮ್ಮೀಯ ಕಣ್ಣಿಗೆ ನಮ್ಮ ಜೇಬಿನಿಂದ ಖರ್ಚಾದದ್ದು ಬಸ್ಸಿನ ಟಿಕೆಟ್ಟು ಮತ್ತು ಎರಡು ದಿನದ ರಜೆ.

ಇದು ನಮ್ಮನ್ನು ಬಹಳ ದಿನ ಕಾಡಿತು. ಪ್ಲೇಯರಿಗೆ ಕೊಟ್ಟ ಹಣವೇ ಅಮ್ಮೀಯ ಕಣ್ಣಿಗೆ ಅಡ್ಡ ಬಂತು ಎಂದಾಗಿದ್ದರೆ ತಪ್ಪನ್ನು ದುಡ್ಡಿನ ಮೇಲೆ ಹಾಕಬಹುದಿತ್ತು. ಹಾಗಾಗಿರಲಿಲ್ಲ. ಹಣ ಬೇಕೇ ಇರಲಿಲ್ಲ. ಆ ಒಂದೂವರೆ ವರ್ಷದಲ್ಲಿ ವೈರಿನ ಬಗ್ಗೆ, ವಲಯದ ಬಗ್ಗೆ, ಯಾವ ಟಿ.ವಿ. ಒಳ್ಳೆಯದು ಎಂಬುದರ ಬಗ್ಗೆ ವಿಚಾರಿಸಲು ನಾವು ಎಷ್ಟು ಸಲ ದಾವಣಗೆರೆಗೆ, ಶಿವಮೊಗ್ಗಕ್ಕೆ ಹೋಗಿ ಬಂದಿದ್ದೆವು! ಶಿಬಿರ ಯಾವಾಗ ಎಂದು ವಿಚಾರಿಸಲು ಒಂದು ಸಲ ಹೋಗಿರಲಿಲ್ಲ. ಕೊಟ್ಟ ಬೆಲೆ ಹನ್ನೆರಡು ಸಾವಿರವಲ್ಲ, ಆ ಗಮನ. ಅದಕ್ಕೆ ರಸೀದಿ ಇರುವುದಿಲ್ಲ.

ಆಗ ಹೊಳೆದ ಒಂದು ವಿಚಾರ ಅಂದಿನಿಂದ ಇಂದಿನವರೆಗೆ ನಮ್ಮ ಜೊತೆಗಿದೆ. ಯಂತ್ರಗಳ ವಿಷಯದಲ್ಲಿ ಕಾಯುವುದರಿಂದ ನಷ್ಟವಿಲ್ಲ. ಸಾವಿರ ಡಾಲರಿನ ಬ್ಲೂ-ರೇ ಯಂತ್ರ ಕೆಲವೇ ವರ್ಷಗಳಲ್ಲಿ ನೂರು ಡಾಲರಿಗೆ ಇಳಿಯಿತು. ಕಾದವನು ಗೆದ್ದ. ಮೊದಲು ಕೊಂಡವರು ಕೊಟ್ಟ ಹಣದಿಂದಲೇ ಅದು ಅಗ್ಗವಾಯಿತು ಎಂಬುದೂ ನಿಜ. ಅವರ ಅವಸರ ನಮ್ಮ ಲಾಭ. ಇನ್ನೂ ಕಾದವನಿಗೆ ಅದು ಬೇಡವೇ ಆಯಿತು. ಕಟ್ಟಕಡೆಯ ವಿಸಿಆರ್ ತಯಾರಿಸಿದ್ದು ಜಪಾನಿನ ಒಂದು ಕಂಪನಿ, 2016ರಲ್ಲಿ. 28 ರೂಪಾಯಿಗೆ ಸಿನಿಮಾ ಮಾರಿದ ಮೋಸರ್ ಬೇರ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು 2018ರಲ್ಲಿ ಆದೇಶವಾಯಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ಸೋನಿಯೇ ನಿಲ್ಲಿಸಿತು. ಮನುಷ್ಯರ ವಿಷಯ ಹೀಗಲ್ಲ. ಕಣ್ಣಿನ ಪೊರೆ ಕಾದಷ್ಟೂ ಬಲಿಯುತ್ತದೆ. ಮೂಳೆ ಕಾದಷ್ಟೂ ಸವೆಯುತ್ತದೆ. ಅಲ್ಲಿ ಮುಂದಿನ ವರ್ಷ ಇಂದಿಗಿಂತ ತುಟ್ಟಿ, ಆಮೇಲೊಂದು ವರ್ಷ ಎಷ್ಟು ಕೊಟ್ಟರೂ ಸಿಗುವುದಿಲ್ಲ. ಆದರೆ ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಯಂತ್ರಕ್ಕೆ ಅವಸರ ಮಾಡುತ್ತೇವೆ, ಮನುಷ್ಯರಿಗೆ "ಮುಂದಿನ ತಿಂಗಳು" ಎನ್ನುತ್ತೇವೆ. ಯಂತ್ರ ತಾನು ಹಳತಾಗುತ್ತಿದ್ದೇನೆ ಎಂದು ದಿನವೂ ಜಾಹೀರಾತಿನಲ್ಲಿ ಕೂಗುತ್ತದೆ. ಮನೆಯ ಹಿರಿಯರು ಕೂಗುವುದಿಲ್ಲ. ಅವರು ಗೋಡೆಗೆ ಕೈ ಆನಿಸುತ್ತಾರೆ, ಅಷ್ಟೆ.

ಆಪರೇಷನ್ ಆದ ಮಾರನೆಯ ದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಕೊಂಡು ಅಮ್ಮೀ ನಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. "ಗಡ್ಡದಾಗ ಬಿಳೀ ಕೂದ್ಲು ಯಾವಾಗ ಬಂತೋ?" ಎಂದರು. ಮನೆಗೆ ಬಂದ ಮೇಲೆ ಗೋಡೆಯ ಮೇಲಿನ ಕಲೆಗಳನ್ನು ಒಂದೊಂದಾಗಿ ಎಣಿಸಿ ಸೊಸೆಗೆ ತೋರಿಸಿದರು. ಸಂಜೆ ಟಿ.ವಿ. ಹಾಕೋಣವೇ ಎಂದು ಕೇಳಿದೆವು. "ಬೇಡ, ಬಾಗಿಲ ಹತ್ರ ಕುರ್ಚಿ ಹಾಕು" ಎಂದರು. ರಸ್ತೆಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಾಡಿಸಿದರು. 2014ರಲ್ಲಿ ತೀರಿಕೊಂಡರು. ಸ್ಪಷ್ಟವಾಗಿ ಕಂಡ ಎರಡು ವರ್ಷ ಅವರಿಗೆ ಸಿಕ್ಕಿತು. ಇನ್ನೂ ಒಂದೂವರೆ ವರ್ಷ ಸಿಗಬೇಕಿತ್ತು. ಅದರ ಜೊತೆಗೆ ಕಾಲುಗಳೂ ಇರಬೇಕಿತ್ತು.

ಮಗನ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಸುಣ್ಣ ಬಳಿದು ಮುಗಿದ ರಾತ್ರಿ ಅವನು ಆ ಪ್ಲೇಯರನ್ನು ಒರೆಸಿ ಟಿ.ವಿ.ಗೆ ಜೋಡಿಸಿದ. ಯಂತ್ರ ಕೆಟ್ಟಿರಲಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ನ್ಯಾಮತಿಯ ಮದುವೆ ಡಿಸ್ಕನ್ನು ಹಾಕಿದೆವು. ಅಂಗಳ ಬಂತು, ಮೂಲೆ ಬಂತು. "ದಾದಿ!" ಎಂದ. ದಾದಿ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಅವರು ನಡೆದದ್ದನ್ನು ಅವನು ನೋಡಿಯೇ ಇರಲಿಲ್ಲ. "ದಾದಿ ಯಾಕೆ ಗೋಡೆ ಹಿಡ್ಕೊಂಡು ಬರ್ತಿದಾರೆ?" ಎಂದು ಕೂಡಲೇ ಕೇಳಿದ. ನಮಗೆ ಒಂದೂವರೆ ವರ್ಷ ಕಾಣದಿದ್ದದ್ದು ಅವನಿಗೆ ಒಂದು ನಿಮಿಷದಲ್ಲಿ ಕಂಡಿತ್ತು. ಎಲ್ಲವನ್ನೂ ಹೇಳಿದೆವು. ಅವನು ಏನೂ ಅನ್ನಲಿಲ್ಲ. ಆ ಭಾಗವನ್ನು ಮತ್ತೊಮ್ಮೆ ಹಾಕಿ ನೋಡಿದ.

ಈಗ ಜಗಳೂರಿನ ಮಾವನವರಿಗೆ ಕಿವಿ ಮಂದವಾಗಿದೆ. ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ನಗುತ್ತಾರೆ. ಆ ನಗುವನ್ನು ನಾವು ಮೊದಲು ಎಲ್ಲೋ ನೋಡಿದ್ದೇವೆ. ಕಿವಿಯ ಯಂತ್ರದ ಮಾತು ಎತ್ತಿದರೆ, "ಇರಲಿ ಬಿಡ್ರಿ, ಮುಂದೆ ಅಗ್ಗ ಆಗ್ತದೆ" ಎನ್ನುತ್ತಾರೆ. ಆಗಬಹುದು. ಬರುವ ಸೋಮವಾರ ರಜೆ ಹಾಕಿದ್ದೇವೆ. ಅವರನ್ನು ದಾವಣಗೆರೆಗೆ ಕರೆದುಕೊಂಡು ಹೋಗಬೇಕು. ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಮಗ ವಿಚಾರಿಸಿಕೊಂಡು ಬಂದಿದ್ದಾನೆ.